ಒಂದು ಬೆರಳು ಮೇಲಕ್ಕೆ

ಸ್ಟಿಕರ್ ಅಂಟಿಸುವುದರಲ್ಲಿ ತಿಪ್ಪಕ್ಕನನ್ನು ಮೀರಿಸುವವರು ಹೊಸದುರ್ಗದ ಆ ಕೊಬ್ಬರಿ ಎಣ್ಣೆ ಮಿಲ್ಲಿನಲ್ಲಿ ಯಾರೂ ಇರಲಿಲ್ಲ. ಹಾಳೆಯಿಂದ ಸುಲಿದು, ಒಂದಂಚನ್ನು ಬಾಟಲಿಗೆ ಕೂರಿಸಿ, ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಮುಗಿಯಿತು. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಆ ಹೆಬ್ಬೆರಳೇ. ಅದರ ಬಗ್ಗೆ ಕೊಂಚ ಜಂಬವೂ ಇತ್ತೆನ್ನಿ. ಯಾವ ಅಂಗಡಿಗೆ ಹೋದರೂ ತನ್ನ ಬಾಟಲಿಗಳನ್ನೊಮ್ಮೆ ನೋಡದೆ ಬರುತ್ತಿರಲಿಲ್ಲ.

ಅಂಟಿಸಿದ್ದನ್ನು ಕೀಳುವ ಕೆಲಸವೂ ಒಂದು ದಿನ ಬಂತು. ಅವಧಿ ಮುಗಿದು ಅಂಗಡಿಗಳಿಂದ ವಾಪಸಾದ ಬಾಟಲಿಗಳನ್ನು ಮಾಲೀಕ ಶಿವಕುಮಾರಪ್ಪ ಅವಳ ಮುಂದೆ ತಂದಿಳಿಸಿದ.

"ಹಳೇದು ಕಿತ್ತು ಹೊಸ ತಾರೀಖಿಂದು ಹಾಕು ತಿಪ್ಪಕ್ಕ. ಎಣ್ಣೆಗೇನು ತಾರೀಖು ಗೊತ್ತಾಗ್ತೈತಾ?"

ತಿಪ್ಪಕ್ಕ ಒಂದರ ಮುಚ್ಚಳ ತೆಗೆದು ಮೂಸಿದಳು. "ಕಮಟು ಹೊಡಿತೈತಲ್ರಿ."

"ನೀನ್ ಮೂಸಬ್ಯಾಡ, ಅಂಟ್ಸು."

ಕೆಲಸ ಬಿಡುವ ಧೈರ್ಯ ಎಲ್ಲಿಂದ ಬರಬೇಕು? ಬಿಸಿನೀರಿನ ಬಟ್ಟೆ ಸುತ್ತಿ ಹಳೆಯ ಸ್ಟಿಕರ್ ಎಬ್ಬಿಸಿದಳು. ಉಳಿದ ಅಂಟನ್ನು ಎಣ್ಣೆಯಲ್ಲಿ ತಿಕ್ಕಿ, ಸೋಪಿನ ನೀರಿನಲ್ಲಿ ಒರೆಸಿದಳು. ಆದರೂ ಮೇಲಂಚಿನಲ್ಲಿ ಕಲೆ ಉಳಿದರೆ ಹೊಸ ಸ್ಟಿಕರನ್ನು ಒಂದು ಬೆರಳು ಮೇಲಕ್ಕೆ ಅಂಟಿಸಿ ಮುಚ್ಚಿದಳು. ಪಾಪದ ಕೆಲಸವನ್ನೂ ಅಚ್ಚುಕಟ್ಟಾಗಿಯೇ ಮಾಡಿದಳು, ಪುಣ್ಯಾತ್ಗಿತ್ತಿ! ಅಂದಿನಿಂದ ಮಾತ್ರ ಅಂಗಡಿಗಳಲ್ಲಿ ತನ್ನ ಬಾಟಲಿಗಳ ಕಡೆ ನೋಡುವುದನ್ನು ಬಿಟ್ಟಳು.

ಕೆಲವು ದಿನ ಕಳೆದು ಹೊಳಲ್ಕೆರೆಯಿಂದ ತಂಗಿ ಬರಗೇರಮ್ಮ ಬಂದಳು. ಅವಳ ಮಗಳಿಗೆ ಹೆರಿಗೆಯಾಗಿತ್ತು. ಕೂಸಿನ ಎಣ್ಣೆ-ನೀರಿಗೆ ಸಾಮಾನು ತರಲು ಅಕ್ಕತಂಗಿ ಇಬ್ಬರೂ ಚಿತ್ತಯ್ಯನ ಅಂಗಡಿಗೆ ಹೋದರು. ಈ ಚಿತ್ತಯ್ಯ ಮಿಲ್ಲಿನ ಮಾಲೀಕನ ಭಾವಮೈದ. ಬರಗೇರಮ್ಮ ಹಿಂದೆಮುಂದೆ ನೋಡದೆ ಒಂದು ಬಾಟಲಿ ಎತ್ತಿಕೊಂಡಳು.

"ಇದು ನಮ್ಮಕ್ಕನ ಕೈಯಾಗಿಂದು ಕಣಪ್ಪ. ನಮ್ ಕೂಸಿಗೆ ಬ್ಯಾರೆ ಎಣ್ಣೆ ಬ್ಯಾಡ."

ಸ್ಟಿಕರ್ ಒಂದು ಬೆರಳು ಮೇಲಿತ್ತು. ತಿಪ್ಪಕ್ಕ ಬಾಟಲಿ ಕಸಿದು ಮತ್ತೆ ಹಲಗೆಯ ಮೇಲಿಟ್ಟು, ತಂಗಿಯನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದಳು: "ಇದು ಕೆಟ್ಟೈತೆ ಕಣೇ. ಹಳೇದಕ್ಕೆ ನಾನೇ ಹೊಸ ಸ್ಟಿಕರ್ ಹಾಕಿದ್ದು."

ಅಷ್ಟರಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಬಂದು ಅದೇ ಬಾಟಲಿಯನ್ನು ತೆಗೆದುಕೊಂಡಳು.

"ಅದೂ ಕೂಸೇ ಅಲ್ಲೇನಕ್ಕ?" ಎಂದಳು ಬರಗೇರಮ್ಮ ಮೆಲ್ಲಗೆ. "ನಾನ್ ಹೇಳಿ ನಿನ್ ಕೆಲ್ಸ ಕಳೆಯಲ್ಲ. ನೀನೇ ಹೇಳು."

ತಿಪ್ಪಕ್ಕ ಬಾಯಿ ತೆರೆದಳು. ಗಲ್ಲಾದ ಹಿಂದೆ ಚಿತ್ತಯ್ಯ ಕೂತಿದ್ದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಹೆಂಗಸು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಕೂಸಿನ ತಲೆ ಸವರುತ್ತಾ ಮೆಟ್ಟಿಲಿಳಿದು ಹೋದಳು.

ಅಕ್ಕತಂಗಿ ಬಸ್ ಸ್ಟ್ಯಾಂಡಿಗೆ ನಡೆದರು. ಬರಗೇರಮ್ಮ ಅಂದು ಬಂದದ್ದೇ ಅಕ್ಕನನ್ನು ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಕರೆಯಲೆಂದು. ಕೊಟ್ಟು ಕರೆಯಲೆಂದು ತಂದ ಎಲೆ-ಅಡಿಕೆ ಅವಳ ಕೈಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯದೆಯೇ ಅವಳು ಬಸ್ಸು ಹತ್ತಿದಳು.