ಮುಚ್ಚಿಹೋದ ಕುಬಸದ ಫೋಟೋಗಳು

ನರಗುಂದದ ಆ ಫೋಟೋ ಸ್ಟುಡಿಯೋದಲ್ಲಿ ಎರಡು ಕಂಪ್ಯೂಟರ್. ಎರಡಕ್ಕೂ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟವನು ನಾನೇ. ಫೋಟೋಗಳೆಲ್ಲ ಒಳಕೋಣೆಯ ಕಂಪ್ಯೂಟರಿನಲ್ಲಿ ಇರುತ್ತಿದ್ದವು. ಅಲ್ಲಿನ ಫೋಲ್ಡರ್ ನೆಟ್‌ವರ್ಕ್ ಮೂಲಕ ಕೌಂಟರಿನ ಕಂಪ್ಯೂಟರಿನಲ್ಲೂ ತೆರೆಯುವಂತೆ ಜೋಡಿಸಿದ್ದೆ.

ಒಂದು ದಿನ ಮಾಲೀಕರ ಫೋನು ಬಂತು. ‘ಮೂರು ದಿನಾ ಆತ್ರಿ, ಫೋಲ್ಡರಿನಾಗ ಹಳೇ ಫೋಟೋ ಒಂದೂ ಕಾಣವಲ್ವು. ಲಗೂ ಬರ್ರಿ.’

ಗಜೇಂದ್ರಗಡದಿಂದ ಬಸ್ಸು ಹಿಡಿದು ಹೋದೆ. ಕರೆಂಟು ಹೋಗಿ ಬಂದಾಗ ಒಳಗಿನ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಬದಲಾಗಿತ್ತು. ಹಳೆಯ ವಿಳಾಸವನ್ನೇ ಕಾಯಂ ಮಾಡಿ ಮತ್ತೆ ಜೋಡಿಸಿದೆ. ಹಳೆಯ ಫೋಟೋಗಳೆಲ್ಲ ಬಂದವು. ಮಾಲೀಕರಿಗೆ ಖುಷಿಯಾಯಿತು.

‘ಕೌಂಟರಿಂದು ಭಾಳ ನಿಧಾನ ಆಗೈತಿ. ಪೂರಾ ಒರಸಿ ಹೊಸದಾಗಿ ಹಾಕಿಬಿಡ್ರಿ.’

‘ಫೋಟೋ ಎಲ್ಲಾ ಒಳಗಿಂದ್ರಾಗ ಅದಾವಲ್ರಿ?’

‘ಹೌದ್ರಿ, ಎಲ್ಲಾ ಆ ಫೋಲ್ಡರಿಗೇ ಹಾಕೀನಿ.’

ಒರೆಸಿದೆ.

ಎರಡು ವಾರದ ಮೇಲೆ ಚಿಕ್ಕನರಗುಂದದ ಹೆಂಗಸೊಬ್ಬರು ಸ್ಟುಡಿಯೋಕ್ಕೆ ಬಂದರಂತೆ. ಏಳು ತಿಂಗಳ ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಕುಬಸ ಮಾಡಿದ್ದರು. ಅದಾಗಿ ಕೆಲವೇ ದಿನಕ್ಕೆ ಆ ಹುಡುಗಿಗೆ ಫಿಟ್ಸ್ ಬಂದು, ದವಾಖಾನೆಗೆ ಒಯ್ಯುವಷ್ಟರಲ್ಲಿ ತಾಯಿ, ಕೂಸು ಎರಡೂ ಹೋಗಿದ್ದವು. ಆ ಹೆಂಗಸಿಗೆ ಈಗ ಮಾಲೀಕರು ತೆಗೆದಿದ್ದ ಕುಬಸದ ಫೋಟೋ ಬೇಕಿತ್ತು. ಎಲ್ಲಿ ಹುಡುಕಿದರೂ ಇರಲಿಲ್ಲ. ಕ್ಯಾಮೆರಾದ ಕಾರ್ಡಿನ ಮೇಲೆ ಆಗಲೇ ಬೇರೆ ಯಾರದೋ ಮದುವೆ ತುಂಬಿತ್ತು.

ಮಾಲೀಕರು ಕರೆಸಿದರು. ನಾನು ಹೋಗಿ ಕುಳಿತ ಮೇಲೆ ಹೊಳೆಯಿತು. ಜೋಡಣೆ ತಪ್ಪಿದ ಆ ಮೂರು ದಿನ ಮಾಲೀಕರು ಫೋಲ್ಡರಿಗೆ ಹಾಕಿದ್ದೆಲ್ಲ, ಕುಬಸದ ಫೋಟೋಗಳೂ, ಕೌಂಟರಿನ ಕಂಪ್ಯೂಟರಿನಲ್ಲೇ ಉಳಿದಿತ್ತು. ನಾನು ಮತ್ತೆ ಜೋಡಿಸಿದಾಗ ಒಳಗಿನ ಫೋಟೋಗಳು ಮೇಲೆ ಬಂದು, ಇವು ಅಡಿಯಲ್ಲಿ ಮುಚ್ಚಿಹೋಗಿದ್ದವು. ಮಾಲೀಕರಿಗೆ ಇದು ತಿಳಿಯುವಂತಿರಲಿಲ್ಲ. ಜೋಡಣೆ ಹೀಗೆ ಮುಚ್ಚುತ್ತದೆಂಬುದು ನನಗೆ ತಿಳಿದಿತ್ತು. ಒರೆಸುವ ಮುಂಚೆ ಒಮ್ಮೆ ಜೋಡಣೆ ಬಿಚ್ಚಿ ನೋಡಿದ್ದರೆ ಸಾಕಿತ್ತು. ಮಾಲೀಕರಿಗೆ ಹಾಗೇ ಹೇಳಿದೆ.

ಎರಡು ದಿನ ಆ ಡಿಸ್ಕನ್ನು ಜಾಲಾಡಿದೆ. ಸಿಕ್ಕಿದ್ದೆಲ್ಲ ತುಂಡು. ಒಂದರಲ್ಲಿ ಮಾತ್ರ ಕೆಳಗಿನ ಅರ್ಧ ಉಳಿದಿತ್ತು: ಮಡಿಲು, ಮಡಿಲ ಮೇಲೆ ಬಳೆ ತುಂಬಿದ ಎರಡು ಕೈ. ಮೇಲೆ ಬರೀ ಬೂದು ಬಣ್ಣ.

ಆಕೆ ಮತ್ತೆ ಬಂದ ದಿನ ನಾನೂ ಅಲ್ಲಿದ್ದೆ. ‘ಕಾರ್ಡು ಕೆಟ್ಟಿತ್ರೀ ಅವ್ವಾರ’ ಎಂದರು ಮಾಲೀಕರು, ನನ್ನ ಕಡೆ ನೋಡದೆ. ನನ್ನನ್ನು ಉಳಿಸಲೆಂದೇ ಅಂದದ್ದು.

ಆಕೆ ನನ್ನತ್ತ ತಿರುಗಿದರು. ‘ಹಂಗಾರ ಯಾರ ತಪ್ಪೂ ಅಲ್ಲೇನಪಾ?’

‘ಅಲ್ರಿ’ ಎಂದೆ. ನಿಜ ಹೇಳಲು ಅದೊಂದೇ ಗಳಿಗೆಯಿತ್ತು, ದಾಟಿಹೋಯಿತು. ಆಕೆಗೆ ಇವತ್ತಿನವರೆಗೂ ಹೇಳಿಲ್ಲ.

ಅರ್ಧ ಫೋಟೋದ ಪ್ರಿಂಟನ್ನು ಆಕೆ ಬಹಳ ಹೊತ್ತು ನೋಡಿದರು. ಮುಖ ಇರಬೇಕಾದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು.

‘ಕೈ ಆಕೀವ ಅದಾವ’ ಎಂದರು. ಆಮೇಲೆ, ‘ಇದರದ ಇನ್ನೊಂದು ಪ್ರಿಂಟ್ ತಗದು ಕೊಡ್ರಿ. ಕೊಣ್ಣೂರಾಗ ಅಳಿಯಾ ಅದಾನ. ಅವನೂ ಕೇಳ್ಯಾನ.’