ರೊಟ್ಟಿ ಹೊತ್ತಿನ ಓದು

ಗೆಳೆಯರೇ, ಚಳವಳಿಯಲ್ಲಿ ಭಾಷಣ ಮಾಡಿಕೊಂಡು ಬಂದ ನಾನು ಇವತ್ತು ಬೆಂಗಳೂರಿನ ಬ್ಯಾಟರಾಯನಪುರದ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ, ಪರೀಕ್ಷೆಗೆ ಓದುವುದು ಹೇಗೆಂದು ಉಪದೇಶ ಮಾಡುತ್ತಿದ್ದೆ. "ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಓದಿ" ಎಂದೆ. ರೇಣುಕಾ ಎಂಬ ಹುಡುಗಿ ಎದ್ದು ನಿಂತಳು.

"ಸರ್, ನಮ್ದು ಒಂದೇ ರೂಮು. ಬಾಗ್ಲು ಹಾಕ್ಕೊಂಡ್ರೆ ಮನೆಯವ್ರೆಲ್ಲ ಬೀದೀಲಿ ನಿಲ್ಬೇಕು."

ತರಗತಿ ನಕ್ಕಿತು. ಮತ್ತೆ ಹೇಗೆ ಓದುತ್ತೀಯ ಎಂದು ಕೇಳಿದೆ.

"ಅವ್ವ ರೊಟ್ಟಿ ಬಡೀವಾಗ ಅವತ್ತಿನ ಪಾಠ ಹೇಳ್ತೀನಿ. ಅವ್ರಿಗೆ ತಿಳೀಲಿಲ್ಲ ಅಂದ್ರೆ ರೊಟ್ಟಿ ಕೊಡಲ್ಲ. ಪುಸ್ತಕ ನೋಡಿ ಇನ್ನೊಂದ್ಸಲ ಹೇಳ್ಬೇಕು."

ಅವ್ವ ರಾಯಚೂರು ಕಡೆಯಿಂದ ಬಂದು ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಓದಿನ ವೇಳಾಪಟ್ಟಿ ಬರೆದು ತರುವ ಅಸೈನ್‌ಮೆಂಟಿನಲ್ಲಿ ರೇಣುಕಾ "ರೊಟ್ಟಿ ಹೊತ್ತು" ಎಂದು ಬರೆದಿದ್ದಳಂತೆ. ಅಲ್ಲೇ ಪಕ್ಕದಲ್ಲಿ ನಿಂತಿದ್ದ ಅವಳ ವಿಜ್ಞಾನದ ಟೀಚರ್ ಅದಕ್ಕೆ ಸೊನ್ನೆ ಹಾಕಿದ್ದರು. ಆ ಅಂಕ ಪರೀಕ್ಷೆಯ ಅಂಕದ ಜೊತೆ ಸೇರುತ್ತದೆ.

"ಅದು ಅಡುಗೆ ಟೈಮ್ ಸರ್, ಸ್ಟಡಿ ಟೈಮ್ ಅಲ್ಲ" ಎಂದರು ಟೀಚರ್.

"ನಿಮ್ ಪಾಠ ತಿಳೀಲಿಲ್ಲ ಅಂತ ಯಾರಾದ್ರೂ ನಿಮ್ಮ ಊಟ ನಿಲ್ಸಿದಾರಾ ಮೇಡಂ? ಆ ತಾಯಿ ನಿಲ್ಲಿಸ್ತಾಳೆ" ಎಂದೆ.

ಟೀಚರ್ ರೇಣುಕಾಳ ಕಡೆ ತಿರುಗಿ, ಗಿಡ ಆಹಾರ ತಯಾರಿಸುವ ಪಾಠವನ್ನು ಅವ್ವನಿಗೆ ಹೇಗೆ ಹೇಳಿದೆ ಎಂದು ಕೇಳಿದರು.

"ಎಲೆ ಬಿಸಿಲಲ್ಲಿ ನಿಂತು ತನ್ನಡುಗೆ ತಾನೇ ಮಾಡ್ಕೊಳ್ಳತ್ತೆ ಮಿಸ್, ನನ್ ಥರ ಅವ್ವನ್ನ ಕಾಯಲ್ಲ" ಎಂದು ಶುರು ಮಾಡಿದವಳು ಪಾಠ ಮುಗಿಸಿಯೇ ಕೂತಳು. ಟೀಚರ್ ಸೊನ್ನೆ ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟರು.

ವಾಪಸ್ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಜನಕ್ಕೆ ನನ್ನ ಭಾಷಣ ತಿಳಿಯದಾಗಲೆಲ್ಲ ಯಾರಾದರೂ ರೊಟ್ಟಿ ತಡೆದಿದ್ದರೆ, ಚಳವಳಿಯ ಈ ಮೂವತ್ತು ವರ್ಷದಲ್ಲಿ ನಾನು ಬಹಳ ದಿನ ಉಪವಾಸ ಮಲಗಿರುತ್ತಿದ್ದೆ.