ಕಿತ್ತಿಟ್ಟ ವೈರು

ಶೀನಣ್ಣಾ, ಆ ಕೆಂಪು ದೀಪದ ವೈರನ್ನು ಕಿತ್ತವನು ನಾನು. ಭಟ್ಟರ ಹೋಟೆಲಿನ ಹಳೇ ಕಾರು ಎಂಜಿನ್ ಬಿಗಿದು ನಡುರಸ್ತೆಯಲ್ಲಿ ನಿಂತಾಗ, ನೀವು ದೀಪ ನೋಡದೆ ಓಡಿಸಿದಿರಿ ಎಂದಾಯಿತಲ್ಲ — ಆ ದಿನ ದೀಪ ಹೊತ್ತಿರಲೇ ಇಲ್ಲ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮದ್ರಾಸಿಗೆ ಬಂದವನು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಾಯಿಲೆ ಹೇಳುವವನೆಂದು ತಾಂಬರಂನಲ್ಲಿ ನನಗೊಂದು ಹೆಸರಿತ್ತು. ಆ ಹೆಸರೇ —

ಕಾರು ಕೆಡುವ ಮೊದಲೊಮ್ಮೆ ನೀವು ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿ ತುಂಬಿಕೊಂಡು ನೇರ ನನ್ನ ಶೆಡ್ಡಿಗೆ ಬಂದಿರಿ. "ವಿಠಲ, ಎಂಜಿನ್ ಬಿಸಿಯಾದ್ಮೇಲೆ ಸಿಗ್ನಲಲ್ಲಿ ನಿಂತ್ರೆ ಆಯಿಲ್ ಲೈಟ್ ಮಿಣಿಮಿಣಿ ಅಂತದೆ. ಎಂತ ಅಂತ ನೋಡು ಮಾರಾಯಾ."

ಆಯಿಲ್ ಸಾಕಷ್ಟಿತ್ತು. ಕಿವಿಗೊಟ್ಟೆ, ಸದ್ದೂ ಶುದ್ಧವಾಗಿತ್ತು. ಇನ್ನು ಮಾಡಬೇಕಾದದ್ದು ಒಂದೇ: ಪ್ರೆಷರ್ ಕಮ್ಮಿಯಾದರೆ ದೀಪ ಹೊತ್ತಿಸುವ ಸ್ವಿಚ್ಚನ್ನು ಎಂಜಿನ್ನಿನಿಂದ ಬಿಚ್ಚಿ, ಆ ತೂತಿಗೆ ಗೇಜ್ ತಿರುಗಿಸಿ, ಆಯಿಲ್ ಪ್ರೆಷರ್ ನಿಜವಾಗಿ ಎಷ್ಟಿದೆ ಎಂದು ನೋಡುವುದು. ಗೇಜ್ ಇದ್ದದ್ದು ಎದುರು ಶೆಡ್ಡಿನ ಸೆಲ್ವಂ ಹತ್ತಿರ. ಅವನೋ ಟೀ ಗ್ಲಾಸು ಹಿಡಿದು ನಗುತ್ತ ನಿಂತಿದ್ದ. "ಎನ್ನಣ್ಣಾ, ಗೇಜ್ ವೇಣುಮಾ? ಇಲ್ಲೆ, ಕಾದೇ ಪೋದುಮಾ?" — ಗೇಜ್ ಬೇಕಾ, ಕಿವಿಯೇ ಸಾಕಾ ಅಂತ.

"ಕಾದೇ ಪೋದುಂ," ಎಂದುಬಿಟ್ಟೆ.

ಸ್ವಿಚ್ಚೇ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿ ಅದರ ವೈರು ಕಿತ್ತೆ. ಹೊಸ ಸ್ವಿಚ್ ನಾಳೆ ಹಾಕಿದರಾಯಿತು ಅಂದುಕೊಂಡೆ — ಹಾಕಲಿಲ್ಲ. ನಿಮಗೆ ಹೇಳಿದ್ದು ಮಾತ್ರ, "ಸರಿಯಾಯ್ತು ಶೀನಣ್ಣ, ಇನ್ನು ಹತ್ತೂದಿಲ್ಲ."

ಕೆಟ್ಟು ನಿಂತ ಕಾರನ್ನು ಎಳೆದು ತಂದಾಗ, ಭಟ್ಟರು ಆಟೋ ಇಳಿಯುವ ಮೊದಲೇ, ನಿಮಗೂ ಕಾಣದ ಹಾಗೆ, ವೈರನ್ನು ಮತ್ತೆ ಸಿಕ್ಕಿಸಿದ್ದೆ. "ಲೈಟ್ ಹತ್ತೂದಿಲ್ವಾ ಇದ್ರಲ್ಲಿ?" ಎಂದು ಅವರು ಕೇಳಿದರು. ನಾನು ಕೀ ತಿರುಗಿಸಿದೆ. ಕೆಂಪಗೆ ಹೊತ್ತಿತು.

"ಲೈಟ್ ಸರಿಯೇ ಉಂಟು ಭಟ್ರೇ."

ನೀವು ಅದನ್ನೇ ನೋಡುತ್ತ ನಿಂತಿರಿ. "ಹಾಗಾದ್ರೆ ನಾನೇ ನೋಡ್ಲಿಲ್ಲ," ಎಂದಿರಿ. ಜಗಳವಾಡಿದ್ದರೂ ಚೆನ್ನಾಗಿತ್ತು.

ಎಂಜಿನ್ ಬಿಚ್ಚಿದಾಗ ಆಯಿಲ್ ಪಂಪಿನ ಜಾಲರಿ ತುಂಬ ಕರಿ ಮಡ್ಡಿ, ಆಯಿಲ್ ಏರಲು ದಾರಿಯೇ ಇರಲಿಲ್ಲ. ಗೇಜಿನ ಮುಳ್ಳು ಅದನ್ನು ಒಂದು ಟೀ ಕುಡಿಯುವಷ್ಟರಲ್ಲಿ ಹೇಳುತ್ತಿತ್ತು.

ಭಟ್ಟರು ನಿಮ್ಮನ್ನು ಕಾಫಿ ಕೌಂಟರಿಗೆ ಹಾಕಿದರು. "ಕೋಯಂಬೇಡಿನ ಕೆಸರು ತಪ್ಪಿತಲ್ಲ, ಒಳ್ಳೇದೇ ಆಯ್ತು," ಎನ್ನುತ್ತೀರಿ ನೀವು. ನಿಮ್ಮ ಕಾಫಿ ಕುಡಿಯುತ್ತ ನಾನೂ ಅದನ್ನೇ ನಂಬಿದೆ. ಸುಖವಾಗಿಯೇ ಇದ್ದೇನೆ — ಶೆಡ್ಡು ನನ್ನದು, ಕೈಗೆ ಕಸುವಿದೆ, ಸೆಲ್ವಂನ ಗೇಜನ್ನು ಈಗ ನಾಚಿಕೆಯಿಲ್ಲದೆ ಕೇಳಿ ತರುತ್ತೇನೆ. ಆದರೆ ಮೊನ್ನೆ ಭಟ್ಟರು ಹೊಸ ವ್ಯಾನಿನ ಕೀ ಚಾಚಿದಾಗ ನೀವು ಕೈ ಒರೆಸಿಕೊಂಡು ಹಿಂದೆ ಸರಿದಿರಿ.

"ಬೇಡ ಭಟ್ರೇ. ನನ್ನ ಕಣ್ಣನ್ನು ನಾನೇ ನಂಬೂದಿಲ್ಲ."

ಇಷ್ಟು ವರ್ಷ ನೀವು ಹಾಗೆ ಅಂದುಕೊಂಡೇ ಇದ್ದಿರಿ ಎಂದು ನನಗೆ ಗೊತ್ತಿರಲಿಲ್ಲ — ಅಲ್ಲ, ಗೊತ್ತಿತ್ತು.

ನಾಳೆ ಬರುತ್ತೇನೆ. ಭಟ್ಟರ ಎದುರಿಗೇ ವ್ಯಾನಿನ ಆಯಿಲ್ ದೀಪದ ವೈರನ್ನು ಕೀಳುತ್ತೇನೆ, ಕೀ ನೀವೇ ತಿರುಗಿಸಿ. ದೀಪ ಹೊತ್ತುವುದಿಲ್ಲ — ಆ ದಿನವೂ ಹೀಗೇ ಎಂದು ಭಟ್ಟರಿಗೆ ಹೇಳುತ್ತೇನೆ. ಆಮೇಲೆ ವೈರು ಸಿಕ್ಕಿಸಿಕೊಡುತ್ತೇನೆ. ಭಟ್ಟರು ನನ್ನನ್ನು ಏನೆಂದರೂ ಅನ್ನಲಿ — ಕೀ ಮಾತ್ರ ನಿಮ್ಮ ಕೈಯಲ್ಲೇ ಇರಲಿ.